ಎಲೆಯ ಗಂಟಿನಲ್ಲಿ ಹುಳವನ್ನು ಗಿಡವೇ ಕಟ್ಟಿಹಾಕುತ್ತದಾ?

ಪ್ರಶ್ನೆ: ಮಾವಿನ ಗಿಡದ ಎಲೆಗಳ ಮೇಲೆ ಗುಳ್ಳೆ ಥರ ಗಂಟುಗಳು ಎದ್ದಿವೆ. ಒಂದನ್ನು ಸೀಳಿದರೆ ಒಳಗೆ ಹುಳ ಇತ್ತು. ಹುಳ ಹರಡದಿರಲಿ ಅಂತ ಗಿಡವೇ ಅದನ್ನು ಗಂಟಿನೊಳಗೆ ಕಟ್ಟಿಹಾಕುತ್ತದಂತೆ. ಹಾಗಿದ್ದರೆ ಔಷಧಿ ಹೊಡೆಯದೆ ಸುಮ್ನೆ ಬಿಡಬಹುದಾ?

ಸುಮ್ನೆ ಬಿಡಬಹುದು. ಆದರೆ ನೀವು ಕೊಟ್ಟ ಕಾರಣ ತಪ್ಪು. ಗಂಟನ್ನು ಗಿಡದಿಂದ ಕಟ್ಟಿಸಿಕೊಳ್ಳುವುದು ಹುಳವೇ, ತನ್ನ ಮನೆಗೆ ಮತ್ತು ಊಟಕ್ಕೆ.

ಮೊದಲು ಔಷಧಿಯ ಮಾತು ಮುಗಿಸಿಬಿಡೋಣ. ಗಂಟು ಏಳುವುದು ಎಲೆ ಎಳೆಯದಾಗಿದ್ದಾಗ. ಬಲಿತ ಎಲೆಯನ್ನು ಹೊಸ ಆಕಾರಕ್ಕೆ ತಿರುಗಿಸುವುದು ಹುಳದ ಕೈಲಾಗದ ಕೆಲಸ. ಅಂದರೆ ಗಂಟು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ. ಮೇಲೆ ಹೊಡೆದ ಔಷಧಿ ಒಳಗಿನ ಹುಳಕ್ಕೆ ತಾಕುವುದೂ ಕಷ್ಟ. ಬೆಳೆದ ಮರಕ್ಕೆ ಒಂದಷ್ಟು ಗಂಟುಗಳಿಂದ ದೊಡ್ಡ ನಷ್ಟವೇನಿಲ್ಲ. ಚಿಕ್ಕ ಸಸಿಯಾಗಿದ್ದರೆ ಗಂಟಿರುವ ಎಲೆಗಳನ್ನು ಕಿತ್ತು ನಾಶಮಾಡಿ. ಗಂಟಿನಲ್ಲಿ ತೂತು ಕಾಣುತ್ತಿದ್ದರೆ ಒಳಗಿದ್ದದ್ದು ಆಗಲೇ ಹಾರಿಹೋಗಿದೆ, ಕಿತ್ತು ಪ್ರಯೋಜನವಿಲ್ಲ.

ಈಗ ಆ ಕಾರಣಕ್ಕೆ ಬರೋಣ. ಗಿಡ ಹುಳವನ್ನು ಬಂಧಿಸುತ್ತದೆ ಅನ್ನುವ ಮಾತಿಗೆ ಎಷ್ಟು ಸಲ ಉತ್ತರ ಬರೆದರೂ ಅದು ಮತ್ತೆ ಬಂದು ನಿಲ್ಲುತ್ತದೆ. ಕಾಲಿಗೆ ಮುಳ್ಳು ನಾಟಿ ಒಳಗೇ ಉಳಿದರೆ ಸುತ್ತ ಚರ್ಮ ಗಟ್ಟಿಯಾಗುತ್ತದಲ್ಲ, ಗಿಡಕ್ಕೂ ಹಾಗೇ ಅಂತ ಜನ ಅಂದುಕೊಳ್ಳುತ್ತಾರೆ. ಕೇಳಲು ಸರಿಯಾಗೇ ಇದೆ. ಆದರೆ ಒಂದು ಗಂಟನ್ನು ಬ್ಲೇಡಿನಿಂದ ಕೊಯ್ದು ಒಳಗೆ ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಓಕ್ ಮರದಲ್ಲಿ ಕಣಜಗಳು ಎಬ್ಬಿಸುವ ಗಂಟನ್ನೇ ತೆಗೆದುಕೊಳ್ಳಿ. ನಟ್ಟನಡುವೆ ಹುಳ ಇರುವ ಪುಟ್ಟ ಕೋಣೆ. ಕೋಣೆಯ ಗೋಡೆಗೆ ಒಳಗಡೆಯಿಂದ ಮೆತ್ತನೆಯ, ರಸ ತುಂಬಿದ ಜೀವಕೋಶಗಳ ಪದರ. ಪ್ರೊಟೀನು, ಸಕ್ಕರೆ, ಕೊಬ್ಬು ಶೇಖರವಾಗುವುದು ಅಲ್ಲಿ. ಹುಳ ಅದನ್ನೇ ಮೇಯುತ್ತಾ ಬೆಳೆಯುತ್ತದೆ. ಅದರಾಚೆ ಒಂದು ಗಟ್ಟಿ ಪದರ. ಹೊರಗಿನ ಭಾಗದಲ್ಲಿ ಬಾಯಿ ಒಗರಾಗಿಸುವ ಟ್ಯಾನಿನ್ ಜಾಸ್ತಿ. ಗಿಡ ಟ್ಯಾನಿನ್ ಇಟ್ಟುಕೊಂಡಿರುವುದೇ ತನ್ನನ್ನು ತಿನ್ನುವವರನ್ನು ದೂರ ಇಡಲು. ಇಲ್ಲಿ ಅದು ತಿನ್ನುವವನ ಬಾಯಿಯಿಂದ ದೂರ, ಹೊರಗೆ ಇದೆ! ಶತ್ರುವನ್ನು ಕೂಡಿಹಾಕುವವರು ಯಾರಾದರೂ ಒಳಗೆ ಊಟ ಬಡಿಸಿ, ಹೊರಗೆ ಕಾವಲು ಹಾಕುತ್ತಾರಾ?

ಎರಡನೆಯದು ಆಕಾರ. ಒಂದೇ ಓಕ್ ಮರದಲ್ಲಿ ಒಂದು ಜಾತಿಯ ಕಣಜ ನುಣುಪಾದ ಗುಂಡು ಎಬ್ಬಿಸುತ್ತದೆ. ಇನ್ನೊಂದು ಮೈತುಂಬಾ ಕೂದಲಿರುವ ಉಂಡೆ, ಮತ್ತೊಂದು ಎಲೆಯಡಿಯಲ್ಲಿ ಚಪ್ಪಟೆ ಬಿಲ್ಲೆ. ಮಾವಿನ ಎಲೆಯಲ್ಲೂ ಬೇರೆ ಬೇರೆ ಜಾತಿಯ ಸಣ್ಣ ನೊಣಗಳು ಬೇರೆ ಬೇರೆ ರೂಪದ ಗಂಟು ಮಾಡುತ್ತವೆ. ಮರ ಅದೇ, ಬದಲಾದದ್ದು ಹುಳ. ಗಂಟು ಗಿಡದ ಆತ್ಮರಕ್ಷಣೆಯೇ ಆಗಿದ್ದರೆ ಎಲ್ಲ ಹುಳಕ್ಕೂ ಹೆಚ್ಚು ಕಡಿಮೆ ಒಂದೇ ಥರದ್ದು ಏಳಬೇಕಿತ್ತು, ಅಲ್ವಾ?

ಬಣ್ಣದ ವಿಷಯವಂತೂ ನನಗೆ ತುಂಬಾ ಇಷ್ಟ. ಅಮೆರಿಕದ ವಿಚ್ ಹೇಜಲ್ ಗಿಡದ ಎಲೆಯ ಮೇಲೆ ಒಂದು ಜಾತಿಯ ಗಿಡಹೇನು ಕೊಂಬಿನಂಥ ಗಂಟು ಎಬ್ಬಿಸುತ್ತದೆ. ಕೆಲವು ಹಸಿರು, ಕೆಲವು ಕೆಂಪು. 2021ರಲ್ಲಿ ವಿಜ್ಞಾನಿಗಳು ಇದರ ಬೆನ್ನು ಹತ್ತಿದಾಗ ಸಿಕ್ಕಿದ್ದು ಒಂದು ಜೀನ್. ಅದು ಗಿಡದ್ದಲ್ಲ, ಹೇನಿನದು. ಆ ಜೀನ್‌ನಿಂದ ಹೇನಿನ ಜೊಲ್ಲುಗ್ರಂಥಿಯಲ್ಲಿ ಒಂದು ಪ್ರೊಟೀನು ತಯಾರಾಗುತ್ತದೆ. ಹೇನಿನಲ್ಲಿ ಆ ಜೀನ್ ಯಾವ ಬಗೆಯದು ಅನ್ನುವುದರ ಮೇಲೆ ಗಿಡದ ಗಂಟಿನ ಬಣ್ಣ ನಿಲ್ಲುತ್ತದೆ. ಗಿಡದ ಜೀವಕೋಶಕ್ಕೆ ಹುಳ ಅಪ್ಪಣೆ ಕೊಡುತ್ತಿದೆ ಅನ್ನಲು ಇದಕ್ಕಿಂತ ನೇರ ಸಾಕ್ಷಿ ಬೇಕಾ?

ಇನ್ನೂ ಒಂದು. ಓಕ್‌ನ ಕೆಲವು ಗಂಟುಗಳ ಮೈಯಿಂದ ಸಿಹಿ ರಸ ಒಸರುತ್ತದೆ. ಆ ರಸಕ್ಕೆ ಇರುವೆ ಮುತ್ತಿಕೊಳ್ಳುತ್ತವೆ. ಇರುವೆ ಇದ್ದ ಕಡೆ ಗಂಟಿನೊಳಗಿನ ಹುಳವನ್ನು ಕೊಲ್ಲಲು ಬರುವ ಪರಾವಲಂಬಿ ಕಣಜಗಳಿಗೆ ಜಾಗ ಸಿಗುವುದು ಕಷ್ಟ. ಸಕ್ಕರೆ ಖರ್ಚು ಮರದ್ದು, ರಕ್ಷಣೆ ಹುಳಕ್ಕೆ.

ಹಾಗಾದರೆ ಗಿಡಕ್ಕೆ ಎದುರಿಸಲು ಗೊತ್ತೇ ಇಲ್ಲವಾ? ಗೊತ್ತಿದೆ. ಅದು ಹೇಗಿರುತ್ತದೆ ಅಂತ ಭತ್ತದಲ್ಲಿ ನೋಡಬಹುದು. ಕಣೆ ನೊಣದ ಹುಳ ಭತ್ತದ ಸುಳಿಗೆ ಸೇರಿದರೆ ಆ ಕವಲು ತೆನೆ ಬಿಡದೆ ಬಿಳಿಚಿದ ಟೊಳ್ಳು ಕೊಳವೆಯಾಗುತ್ತದೆ. ಆ ಕೊಳವೆಯೇ ಗಂಟು. ಆದರೆ ಕೆಲವು ನಿರೋಧಕ ತಳಿಗಳಲ್ಲಿ ಹುಳ ಬಾಯಿ ಹಾಕಿದ ಜಾಗದ ಜೀವಕೋಶಗಳು ಕಂದಾಗಿ ಸತ್ತುಹೋಗುತ್ತವೆ. ಹುಳವೂ ಅಲ್ಲೇ ಸಾಯುತ್ತದೆ. ಕೊಳವೆ ಏಳುವುದೇ ಇಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ: ಗಿಡ ಗೆದ್ದ ಕಡೆ ಗಂಟು ಇರುವುದಿಲ್ಲ. ಗಂಟು ಇದ್ದರೆ ಗೆದ್ದದ್ದು ಹುಳ.

ಗಿಡಕ್ಕೇ ಎಲ್ಲವನ್ನೂ ಆರೋಪಿಸುವ ಅಭ್ಯಾಸ ಇವತ್ತಿನದಲ್ಲ. ಕೊಳೆತ ಮಾಂಸದಲ್ಲಿ ಹುಳ ತಾನಾಗಿ ಹುಟ್ಟುವುದಿಲ್ಲ ಎಂದು 1668ರಲ್ಲಿ ತೋರಿಸಿಕೊಟ್ಟ ಇಟಲಿಯ ಫ್ರಾನ್ಸೆಸ್ಕೊ ರೆಡಿ ಕೂಡ ಗಂಟಿನ ಹುಳದ ವಿಷಯಕ್ಕೆ ಬಂದಾಗ ಗಿಡವೇ ಅದನ್ನು ಹುಟ್ಟಿಸುತ್ತದೆ ಎಂದುಕೊಂಡಿದ್ದರು. ಅದು ಹೊರಗಿಂದ ಬಂದ ಕೀಟದ ಮೊಟ್ಟೆಯ ಫಲ ಎಂದು 1679ರಲ್ಲಿ ವಿವರಿಸಿದವರು ಅದೇ ದೇಶದ ಮಾರ್ಚೆಲ್ಲೊ ಮಾಲ್ಪಿಗಿ.

ಹುಳಕ್ಕೂ ಗಿಡಕ್ಕೂ ಲಾಭವಾಗುವ ಉದಾಹರಣೆ ಒಂದಿದೆ, ಅತ್ತಿ. ಅತ್ತಿಯ ಕಣಜದ ಮರಿಗಳು ಅದರ ಪುಟ್ಟ ಹೂಗಳಲ್ಲಿ ಗಂಟು ಕಟ್ಟಿಸಿಕೊಂಡು ಬೆಳೆಯುತ್ತವೆ. ಬದಲಿಗೆ ಕಣಜ ಪರಾಗ ತಂದುಕೊಡುತ್ತದೆ. ಉಳಿದ ಕಡೆ ಇಂಥ ಲೆಕ್ಕ ಹುಡುಕಬೇಡಿ.

ಇಷ್ಟೆಲ್ಲ ಕೇಳುವವರು ಒಂದು ಪ್ರಶ್ನೆ ಮಾತ್ರ ಕೇಳುವುದೇ ಇಲ್ಲ: ಅಷ್ಟು ಗಟ್ಟಿ ಗಂಟಿನಿಂದ ಹುಳ ಹೊರಗೆ ಬರುವುದು ಹೇಗೆ? ಕಣಜಕ್ಕೆ ಕಚ್ಚುವ ದವಡೆ ಇದೆ, ಕೊರೆದುಕೊಂಡು ಬರುತ್ತದೆ. ಉತ್ತರ ಅಮೆರಿಕದ ಗೋಲ್ಡನ್‌ರಾಡ್ ಗಿಡದ ಕಾಂಡದಲ್ಲಿ ಗುಂಡನೆ ಗಂಟು ಎಬ್ಬಿಸುವ ನೊಣಕ್ಕೆ ಆ ಅನುಕೂಲವಿಲ್ಲ. ರೆಕ್ಕೆ ಬಂದ ಮೇಲೆ ಅದಕ್ಕೆ ಕೊರೆಯುವ ಬಾಯಿ ಇರುವುದಿಲ್ಲ. ಅದಕ್ಕೇ ಹುಳವಾಗಿದ್ದಾಗಲೇ, ಚಳಿಗಾಲಕ್ಕೆ ಮೊದಲು, ಒಳಗಿಂದ ಸುರಂಗ ಕೊರೆಯುತ್ತದೆ. ಹೊರಗಿನ ತೆಳು ಸಿಪ್ಪೆಯೊಂದನ್ನು ಬಿಟ್ಟು ಅಲ್ಲಿಗೇ ನಿಲ್ಲಿಸಿ, ವಾಪಸ್ ನಡುವಿಗೆ ಹೋಗಿ ಮಲಗುತ್ತದೆ. ವಸಂತದಲ್ಲಿ ನೊಣವಾದ ಮೇಲೆ ಅದೇ ದಾರಿಯಲ್ಲಿ ಬಂದು, ಹಣೆಯ ಮೇಲಿನ ಒಂದು ಚೀಲವನ್ನು ಉಬ್ಬಿಸಿ ಆ ಸಿಪ್ಪೆಯನ್ನು ಒಡೆಯುತ್ತದೆ.

ನಿಮ್ಮ ಮಾವಿನ ಎಲೆಯಲ್ಲೂ ಏನು ಹೊರಬರುತ್ತದೆ ಅಂತ ನೋಡಬೇಕಾದರೆ ಗಂಟಿರುವ ಎಲೆಗಳನ್ನು ಬಾಟಲಿಗೆ ಹಾಕಿ, ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿಡಿ. ಎರಡು ರೆಕ್ಕೆಯದು ಬಂದರೆ ಅದು ನೊಣ, ಗಂಟಿನ ಒಡೆಯ. ನಾಲ್ಕು ರೆಕ್ಕೆಯ ಪುಟಾಣಿ ಕಣಜ ಬಂದರೆ ಅದು ಗಂಟು ಮಾಡಿದ್ದಲ್ಲ, ಹೆಚ್ಚಾಗಿ ಆ ನೊಣದ ಮರಿಯನ್ನು ತಿಂದು ಬೆಳೆದದ್ದು. ಅದನ್ನು ಕೊಲ್ಲಬೇಡಿ, ಹೊರಗೆ ಬಿಡಿ. ಔಷಧಿ ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ಹೊಡೆದರೆ ಗಂಟಿನೊಳಗಿನ ಹುಳ ಬದುಕಿಕೊಳ್ಳುತ್ತದೆ, ಎಲೆಯ ಮೇಲೆ ಓಡಾಡುತ್ತಾ ಅದನ್ನು ಹುಡುಕುತ್ತಿರುವ ಕಣಜ ಸಾಯುತ್ತದೆ.