ಬೆಂಗಳೂರಿನಲ್ಲಿ ಒಂದೇ ದಿನ ಇದ್ದರೆ ಎಲ್ಲಿ ತಿನ್ನಬೇಕು?

ಪ್ರಶ್ನೆ: ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರ್ಕೊಂಡು ಬೆಂಗಳೂರಿಗೆ ಬರ್ತಾ ಇದ್ದೇವೆ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದರೆ ರಾತ್ರಿ ರೈಲಿಗೆ ವಾಪಸ್. ವಿದ್ಯಾರ್ಥಿ ಭವನ, ಸಿಟಿಆರ್, ಎಂಟಿಆರ್, ಇಂದಿರಾನಗರದ ರಾಮೇಶ್ವರಂ ಕೆಫೆ ಎಲ್ಲ ಕಡೆ ತಿನ್ನಬೇಕು ಅಂತ ಆಸೆ. ಯಾವುದು ಮೊದಲು, ಯಾವುದು ಆಮೇಲೆ?

ಉತ್ತರ: ನಾಲ್ಕಕ್ಕೂ ಹೋಗಬೇಡಿ. ಸಿಟಿಆರ್ ಮಲ್ಲೇಶ್ವರದಲ್ಲಿದೆ, ವಿದ್ಯಾರ್ಥಿ ಭವನ ಬಸವನಗುಡಿಯಲ್ಲಿ, ಇಂದಿರಾನಗರ ಇನ್ನೊಂದು ದಿಕ್ಕಿಗೆ. ಇವುಗಳ ನಡುವಿನ ಟ್ರಾಫಿಕ್‌ನಲ್ಲೇ ನಿಮ್ಮ ದಿನ ಕಳೆದುಹೋಗುತ್ತದೆ. ಜತೆಗೆ ಒಂದೇ ದಿನ ಮೂರು ಕಡೆ ಮಸಾಲೆ ದೋಸೆ ತಿಂದರೆ ಮೂರನೆಯದರ ರುಚಿ ನಾಲಿಗೆಗೆ ಹತ್ತುವುದೇ ಇಲ್ಲ. ಒಂದು ಹಳೇ ಬಡಾವಣೆ ಹಿಡಿಯಿರಿ. ನಿಧಾನವಾಗಿ ಓಡಾಡಿ, ಹಸಿವಾದಾಗ ತಿನ್ನಿ. ವಯಸ್ಸಾದವರು ಜತೆಗಿರುವಾಗ ಇದೇ ಸರಿಯಾದ ದಾರಿ.

ನಾನು ಹೇಳುವುದು ಬಸವನಗುಡಿ ಮತ್ತು ಅದರ ಸುತ್ತಮುತ್ತ. ಮೆಜೆಸ್ಟಿಕ್‌ನಿಂದ ಹಸಿರು ಮೆಟ್ರೋ ಹತ್ತಿದರೆ ಮೂರನೇ ನಿಲ್ದಾಣವೇ ನ್ಯಾಷನಲ್ ಕಾಲೇಜು. ಅಲ್ಲಿಂದ ಎಲ್ಲವೂ ಹತ್ತಿರ.

ಮೊದಲು ದಿನ ನೋಡಿಕೊಳ್ಳಿ. ಈ ಹಳೇ ಹೋಟೆಲುಗಳಿಗೆ ವಾರದ ರಜೆ ಇದೆ: ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ, ಎಂಟಿಆರ್‌ಗೆ ಸೋಮವಾರ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ಶನಿವಾರ ಮೂರೂ ತೆರೆದಿದ್ದರೂ ಜನ ಜಾಸ್ತಿ. ಹಾಗಾಗಿ ಮಂಗಳವಾರದಿಂದ ಗುರುವಾರದೊಳಗೆ ಬನ್ನಿ. ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುವುದೂ ಉಂಟು. ಹೊರಡುವ ಮೊದಲು ಸಮಯವನ್ನು ಒಮ್ಮೆ ಫೋನಿನಲ್ಲಿ ನೋಡಿಕೊಳ್ಳಿ.

ಬೆಳಿಗ್ಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಿಂದ ಶುರುಮಾಡಿ. 1965ರಿಂದ ಇರುವ ಪುಟ್ಟ ಜಾಗ ಅದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಪಟ್ಟಿ ಹೆಚ್ಚುಕಮ್ಮಿ ಇಷ್ಟೇ. ಸಾಂಬಾರ್ ಕೇಳಬೇಡಿ, ಇಲ್ಲ. ಅಲ್ಲಿನ ಚಟ್ನಿ ತಿಂದ ಮೇಲೆ ನಿಮಗೂ ಬೇಕೆನಿಸುವುದಿಲ್ಲ. ಖಾಲಿಯಾದಂತೆ ಮತ್ತೆ ಹಾಕಿಸಿಕೊಳ್ಳಬಹುದು. ನಿಂತೇ ತಿನ್ನಬೇಕು, ಅದೊಂದು ತೊಂದರೆ. ಅಪ್ಪನಿಗೆ ಮಂಡಿನೋವಿದ್ದರೆ ಇದನ್ನು ಬಿಟ್ಟು ಸೀದಾ ಗಾಂಧಿ ಬಜಾರ್‌ಗೆ ಹೋಗಿ. ತಿಂದರೂ ಇಬ್ಬರಿಗೊಂದು ಪ್ಲೇಟ್ ಸಾಕು, ಹೊಟ್ಟೆಯಲ್ಲಿ ಜಾಗ ಉಳಿಯಲಿ.

ಆಮೇಲೆ ದೊಡ್ಡ ಗಣಪತಿ, ದೊಡ್ಡ ಬಸವಣ್ಣನ ದರ್ಶನ. ಪಕ್ಕದ ಬ್ಯೂಗಲ್ ರಾಕ್‌ನಲ್ಲಿ ಮರದ ನೆರಳಿದೆ, ಸ್ವಲ್ಪ ಹೊತ್ತು ಕೂತು ಬನ್ನಿ. ಹಾಗೇ ಗಾಂಧಿ ಬಜಾರ್‌ಗೆ ಬಂದರೆ ಹೂವು, ಹಣ್ಣು, ಪೂಜೆ ಸಾಮಾನಿನ ಅಂಗಡಿಗಳು. ಅಮ್ಮನನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುವುದೇ ಕಷ್ಟ ಆದೀತು.

ವಿದ್ಯಾರ್ಥಿ ಭವನ ಇರುವುದು ಅದೇ ಬೀದಿಯಲ್ಲಿ. ಸುತ್ತಲಿನ ವಿದ್ಯಾರ್ಥಿಗಳಿಗಾಗಿ 1943ರಲ್ಲಿ ಶುರುವಾದ ಹೋಟೆಲು. ಹೆಸರು ಬರೆಸಿ ಕಾಯಬೇಕಾಗುತ್ತದೆ, ಆದರೆ ಒಳಗೆ ಕೂರಲು ಜಾಗವಿದೆ. ಮಸಾಲೆ ದೋಸೆ ಹೇಳಿ. ಈಗಿನ ತೆಳ್ಳಗಿನ ಪೇಪರ್ ದೋಸೆ ಇದಲ್ಲ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಕೈತುಂಬಾ ತುಪ್ಪದ ವಾಸನೆ. ಸಪ್ಲೈಯರ್ ಒಂದರ ಮೇಲೊಂದು ದೋಸೆ ತಟ್ಟೆಗಳನ್ನು ತೋಳಿನುದ್ದಕ್ಕೂ ಪೇರಿಸಿಕೊಂಡು ಬರುವುದನ್ನು ಅಪ್ಪನಿಗೆ ತೋರಿಸಿ. ಅಷ್ಟು ದೋಸೆ ಹೊತ್ತರೂ ಒಂದೂ ಜಾರುವುದಿಲ್ಲ. ನನಗಂತೂ ಅವರ ಕೆಲಸದ ಮೇಲೆ ಬಹಳ ಗೌರವ.

ಮಧ್ಯಾಹ್ನಕ್ಕೆ ಎರಡು ದಾರಿ. ಸಸ್ಯಾಹಾರಿಗಳಾದರೆ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಆಟೋ ಹಿಡಿಯಿರಿ. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಶುರುಮಾಡಿದ ಸಂಸ್ಥೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರಂತೆ. ಇಂದು ಎಲ್ಲ ಹೋಟೆಲಿನಲ್ಲೂ ಸಿಗುವ ರವೆ ಇಡ್ಲಿ ಬಂದದ್ದು ಹೀಗೆ ಎನ್ನುತ್ತಾರೆ. ಹಸಿವು ಚೆನ್ನಾಗಿದ್ದರೆ ಊಟ ಮಾಡಿ. ಇಲ್ಲವೆಂದರೆ ಲಾಲ್‌ಬಾಗ್‌ನಲ್ಲಿ ಸುತ್ತಾಡಿ, ಸಂಜೆ ತಿಂಡಿ ಹೊತ್ತಿಗೆ ರವೆ ಇಡ್ಲಿ, ಕಾಫಿ. ಊಟಕ್ಕಿಂತ ಇದೇ ನನಗಿಷ್ಟ.

ಮಾಂಸ ತಿನ್ನುವವರಾದರೆ ಎಂಟಿಆರ್ ಬಿಟ್ಟರೂ ಪರವಾಗಿಲ್ಲ, ಜಯನಗರ ಎಂಟನೇ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲ್ ಬಿಡಬೇಡಿ. ಹೊರಗಿನವರು ಬೆಂಗಳೂರು ಅಂದರೆ ಬರೀ ದೋಸೆ, ಕಾಫಿ ಅಂದುಕೊಳ್ಳುತ್ತಾರೆ. ಆದರೆ ಈ ಊರಿನ ಮಿಲಿಟರಿ ಹೋಟೆಲುಗಳ ಅಡುಗೆಯೂ ಅಷ್ಟೇ ಹಳೆಯದು, ಅಷ್ಟೇ ನಮ್ಮದು. ಇವುಗಳಲ್ಲಿ ಎಷ್ಟೋ ಮರಾಠಿ ಮನೆತನದವರು ನಡೆಸಿಕೊಂಡು ಬಂದವು. ಅಲ್ಲಿ ಮಟನ್ ದೊನ್ನೆ ಬಿರಿಯಾನಿ ತಿನ್ನಿ. ದೊನ್ನೆ ಬಿರಿಯಾನಿಗೆ ಹಾಕುವುದು ಉದ್ದದ ಬಾಸ್ಮತಿ ಅಲ್ಲ, ಸಣ್ಣ ಜೀರಾ ಸಾಂಬಾ ಅಕ್ಕಿ. ಕೊತ್ತಂಬರಿ, ಪುದೀನ ಅರೆದು ಹಾಕುವುದರಿಂದ ಸ್ವಲ್ಪ ಹಸಿರು ಬಣ್ಣ. ತಡಮಾಡಿದರೆ ಒಂದೊಂದೇ ಐಟಂ ಖಾಲಿಯಾಗುತ್ತದೆ, ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಅಲ್ಲಿರಿ.

ಸಿಟಿಆರ್‌ನ ಬೆಣ್ಣೆ ಮಸಾಲೆಯೇ ಬೇಕು ಅಂತ ಮನಸ್ಸಿದ್ದರೆ ಬಸವನಗುಡಿ ಬಿಡಿ, ಇಡೀ ದಿನ ಮಲ್ಲೇಶ್ವರಕ್ಕೆ ಕೊಡಿ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್. ವೀಣಾ ಸ್ಟೋರ್ಸ್‌ನ ಇಡ್ಲಿ, ಎಂಟನೇ ಕ್ರಾಸಿನ ಸಂತೆಯಂಥ ಬೀದಿ, ಸಿಟಿಆರ್ ಎಲ್ಲ ಅಲ್ಲೇ. ರಾಮೇಶ್ವರಂ ಕೆಫೆ 2021ರಲ್ಲಿ ಶುರುವಾದದ್ದು, ಈಗ ಹಲವು ಕಡೆ ಇದೆ. ಇನ್ನೊಮ್ಮೆ ಬಂದಾಗ ನೋಡಿದರಾಯಿತು.

ಸಂಜೆ ವಿ.ವಿ. ಪುರಂನ ತಿಂಡಿ ಬೀದಿಗೆ ಬನ್ನಿ. ಸಜ್ಜನ್ ರಾವ್ ವೃತ್ತದ ಹತ್ತಿರ, ಮೆಟ್ರೋಗೂ ದೂರವಿಲ್ಲ. ಹೊಟ್ಟೆ ತುಂಬಿದ್ದರೆ ಸುಮ್ನೆ ನೋಡಿಕೊಂಡು ಬರಬಹುದು. ಚಳಿಗಾಲವಾದರೆ ಮಾತ್ರ ಅವರೆಕಾಳಿನ ತಿಂಡಿ ಏನಾದರೂ ತಿನ್ನಲೇಬೇಕು. ರಾತ್ರಿ ರೈಲಿಗೆ ಅಲ್ಲಿನ ವಿ.ಬಿ. ಬೇಕರಿಯಿಂದ ಖಾರಾ ಬನ್, ಕಾಂಗ್ರೆಸ್ ಕಡಲೆಕಾಯಿ (ಮಸಾಲೆ ಹಾಕಿದ ಕಡಲೆಬೀಜ) ಕಟ್ಟಿಸಿಕೊಳ್ಳಿ. ಕಡಲೆಕಾಯಿ ಮಾತ್ರ ಎರಡು ಪೊಟ್ಟಣ ತಗೊಳ್ಳಿ, ಒಂದು ಊರು ಮುಟ್ಟುವುದಿಲ್ಲ.