‘ಅಪ್ಪನಿಗೆ ಹೇಳಲಾ, ಬೇಡವಾ ಸರ್?’

2025ರ ಫೆಬ್ರವರಿ. ತೋಟಗಳಲ್ಲಿ ರೋಬಸ್ಟಾ ಕಾಫಿ ಕುಯ್ಲಿನ ಕಾಲ. ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಲ್ಲಿ ಆಗಿದೆ, ಅದರಲ್ಲಿ ಚಿಕ್ಕ ಅಳುವಾರದ ನಮ್ಮ ಕೊಡಗು ವಿವಿಯೂ ಇದೆ ಎಂಬ ಸುದ್ದಿ ಬಂತು. ಮಾರನೇ ದಿನ ಎಂ.ಎ. ಮೊದಲ ವರ್ಷದ ಹುಡುಗಿಯೊಬ್ಬಳು ನನ್ನ ಮುಂದೆ ಬಂದು ಕೂತಳು. ಅಪ್ಪ, ಅಮ್ಮ ಎಸ್ಟೇಟಿನ ಲೈನ್ ಮನೆಯಲ್ಲಿರುವ ತೋಟದ ಕಾರ್ಮಿಕರು. ರಜೆಯಲ್ಲಿ ಇವಳೂ ಹಣ್ಣು ಕುಯ್ದಿದ್ದಳು, ಬೆರಳ ಸಂದಿಯ ಕಪ್ಪು ಇನ್ನೂ ಹೋಗಿರಲಿಲ್ಲ. ನಮ್ಮ ವಿಭಾಗ ಉಳಿಯುತ್ತಾ ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು, "ಅಪ್ಪನಿಗೆ ಹೇಳಲಾ, ಬೇಡವಾ ಸರ್?"

ಹೇಳಿದರೆ ‘ಮುಚ್ಚೋ ಕಾಲೇಜಿಗೆ ಯಾಕೆ ಹೋಗ್ತೀಯ, ತೋಟಕ್ಕೆ ಬಾ’ ಅನ್ನುತ್ತಾರೆ ಅನ್ನೋ ಭಯ.

ಇಂಥ ಹೊತ್ತಲ್ಲಿ ನಾವು ಮೇಷ್ಟ್ರುಗಳು ಸುಮ್ನೆ ‘ಏನೂ ಆಗಲ್ಲ ಬಿಡಮ್ಮ’ ಅಂದುಬಿಡುತ್ತೇವೆ. ನಾನೂ ಅಂದಿದ್ದೇನೆ. ಅದು ತಪ್ಪು. ಆಗುತ್ತೋ ಇಲ್ಲವೋ ನಮಗೇ ಗೊತ್ತಿರುವುದಿಲ್ಲ. ನಾಳೆ ಏನಾದರೂ ಆದರೆ, ಆಮೇಲೆ ನಮ್ಮ ಯಾವ ಮಾತನ್ನೂ ಮಕ್ಕಳು ನಂಬುವುದಿಲ್ಲ.

ಮೊದಲು ಬಿಡಿಸಿ ಹೇಳಬೇಕಾದದ್ದು ಒಂದಿದೆ. ವಿವಿ ಹೋಗುವುದೇ ಬೇರೆ, ವಿಭಾಗ ಹೋಗುವುದೇ ಬೇರೆ. 1980ಕ್ಕೆ ಮುಂಚೆ ನಮ್ಮ ಕಾಲೇಜುಗಳು ಮೈಸೂರು ವಿವಿಗೆ ಸೇರಿದ್ದವು. ಆಮೇಲೆ ಮಂಗಳೂರು, 2023ರಲ್ಲಿ ಕೊಡಗು. ಬೋರ್ಡು ಬದಲಾಯಿತು, ಯಾರ ಡಿಗ್ರಿಯೂ ರದ್ದಾಗಲಿಲ್ಲ. ವಿಭಾಗದ ಕಥೆ ಹಾಗಲ್ಲ. ವಿವಿ ಗಟ್ಟಿಯಾಗಿದ್ದರೂ ಅಡ್ಮಿಷನ್ ಐದಾರಕ್ಕೆ ಇಳಿದ ವಿಭಾಗಕ್ಕೆ ಕುತ್ತು ಬರಬಹುದು. ಆಗ ಸಾಮಾನ್ಯವಾಗಿ ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾರೆ, ಒಳಗಿರುವವರನ್ನು ಮುಗಿಸಲು ಬಿಡುತ್ತಾರೆ.

ಹಾಗಾಗಿ ನನಗೆ ಜಾಸ್ತಿ ಚಿಂತೆ ಇರುವುದು ಕೊನೆ ವರ್ಷದವರದ್ದಲ್ಲ, ಬ್ಯಾಕ್‌ಲಾಗ್ ಇಟ್ಟುಕೊಂಡವರದ್ದು. ತರಗತಿ ಮುಗಿದಿರುತ್ತದೆ, ಹಳೇ ಸಿಲಬಸ್‌ನ ಒಂದು ಪೇಪರ್ ಬಾಕಿ. ಅದರ ಮರುಪರೀಕ್ಷೆ ಎಷ್ಟು ವರ್ಷ ನಡೆಯುತ್ತದೆ, ಪ್ರಶ್ನೆಪತ್ರಿಕೆ ಯಾರು ತೆಗೆಯುತ್ತಾರೆ? ವಿವಿ ಉಳಿಸಿ ಅನ್ನುವ ಹೋರಾಟದ ಮೈಕಿನಲ್ಲಿ ಈ ಮಾತು ಬರುವುದೇ ಇಲ್ಲ. ಇಂಥವರನ್ನು ಹುಡುಕಿ ಫೋನ್ ಮಾಡಿ ಕರೆಸಿ, ಮುಂದಿನ ಪರೀಕ್ಷೆಗೇ ಕಟ್ಟಿಸಿಬಿಡಿ.

ಇನ್ನು ಕಾಗದಪತ್ರ. ಬಾಯಿಮಾತಿನ ಭರವಸೆ ಸಾಕಾಗುವುದಿಲ್ಲ. ಒಮ್ಮೆ ನಾನೇ ಒಂದು ಕಚೇರಿಯ ‘ನೋಡ್ಕೊಳ್ತೀವಿ ಸರ್’ ನಂಬಿ ಕೂತೆ. ಆ ಗುಮಾಸ್ತರಿಗೆ ವರ್ಗ ಆಯಿತು, ನಮ್ಮ ಅರ್ಜಿ ಬಂದಿತ್ತು ಅನ್ನುವುದಕ್ಕೇ ದಾಖಲೆ ಸಿಗಲಿಲ್ಲ. ಈಗ ಮಕ್ಕಳಿಗೆ ಹೇಳುವುದು ಇಷ್ಟೇ: ಪ್ರಶ್ನೆಯನ್ನು ಬರೆದು ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿ, ಇನ್‌ವರ್ಡ್ ನಂಬರ್ (ಅರ್ಜಿ ಬಂತೆಂದು ಕಚೇರಿ ದಾಖಲಿಸುವ ಸಂಖ್ಯೆ) ಬರೆಸಿಕೊಳ್ಳಿ. ಅಂಕಪಟ್ಟಿ, ಫೀಸು ರಸೀದಿ, ಸಿಲಬಸ್ ಎಲ್ಲದರ ಫೋಟೋ ಫೋನಲ್ಲೂ ಇರಲಿ, ಮೇಲ್‌ನಲ್ಲೂ ಇರಲಿ. ಸಿಲಬಸ್ ಯಾಕೆ ಅಂದರೆ, ಬೇರೆ ವಿವಿಗೆ ಹೋದಾಗ ಏನು ಓದಿದ್ದೀರಿ ಅಂತ ಅದರಲ್ಲೇ ನೋಡುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಗಳೇ ಹೋದದ್ದನ್ನು ಕಂಡ ಊರು ನಮ್ಮದು. ಇದನ್ನು ಇಲ್ಲಿ ಎರಡು ಸಲ ಹೇಳಬೇಕಾಗಿಲ್ಲ.

ಒಂದು ಕಹಿ ಮಾತು. ವಿಭಾಗ ಮುಚ್ಚಿದರೆ ಕೆಲಸ ಹೋಗುವುದು ನಮ್ಮದು, ಅದರಲ್ಲೂ ಅತಿಥಿ ಉಪನ್ಯಾಸಕರದ್ದು. ಆ ದಿಗಿಲು ನಿಜ. ಆದರೆ ಅದನ್ನು ತರಗತಿಗೆ ತಂದು, ಇಂಟರ್ನಲ್ಸ್ ಅಂಕ ನಮ್ಮ ಕೈಯಲ್ಲಿರುವಾಗ ಮಕ್ಕಳನ್ನು ಧರಣಿಗೆ ಕರೆಯುವುದು ಸರಿಯಲ್ಲ. ತಾವಾಗಿಯೇ ಹೋಗುವವರನ್ನು ತಡೆಯುವುದೂ ಬೇಡ.

ಆ ಹುಡುಗಿಗೆ, "ಈಗಲೇ ಫೋನ್ ಹಚ್ಚು, ಇಬ್ಬರೂ ಮಾತಾಡೋಣ" ಅಂದೆ. ಅವಳಪ್ಪನಿಗೆ ಇದನ್ನೆಲ್ಲ ನಿಧಾನವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಾಸ್ಟೆಲ್ ಇರುತ್ತಾ ಸರ್?" ಅಂದರು. ಹಾಸ್ಟೆಲ್ ನಡೆಸುವುದು ಬೇರೆ ಇಲಾಖೆ, ಅದರ ಕಡೆ ನನಗೆ ಯೋಚನೆಯೇ ಹೋಗಿರಲಿಲ್ಲ. ಮಾರನೇ ದಿನ ವಾರ್ಡನ್ ಹತ್ತಿರ ಹೋಗಿ ಕೇಳಿಕೊಂಡು ಬಂದೆ.