ಅಲೆಕ್ಸಾಂಡ್ರಿಯಾದ ಟಂಕಸಾಲೆ: ರೋಮನ್ ಈಜಿಪ್ಟಿನ ನಾಣ್ಯಗಳಲ್ಲಿ ವರ್ಷ ಓದುವ ಬಗೆ

ರೋಮನ್ ಸಾಮ್ರಾಜ್ಯದ ಪ್ರಾಂತೀಯ ನಾಣ್ಯಗಳನ್ನು ಹೊಸದಾಗಿ ಓದಲು ಹೊರಟವರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ, ಅಲೆಕ್ಸಾಂಡ್ರಿಯಾದಿಂದಲೇ ಎಂದು ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ. ಪೂರ್ವದ ನೂರಾರು ಊರುಗಳು ತಮ್ಮದೇ ನಾಣ್ಯ ಟಂಕಿಸುತ್ತಿದ್ದವು. ಅವುಗಳಲ್ಲಿ ಹಲವಕ್ಕೆ ಕಾಲ ನಿರ್ಣಯಿಸುವುದೇ ದೊಡ್ಡ ಕೆಲಸ. ರೋಮ್ ನಗರದ ನಾಣ್ಯಗಳಲ್ಲೂ ಚಕ್ರವರ್ತಿ ಎಷ್ಟನೆಯ ಬಾರಿ ಕಾನ್ಸಲ್ ಎಂಬ ಉನ್ನತ ಹುದ್ದೆಗೇರಿದ್ದ, ಎಷ್ಟನೆಯ ಬಾರಿ ಟ್ರಿಬ್ಯೂನ್ ಅಧಿಕಾರ ಪಡೆದಿದ್ದ ಎಂದು ಲೆಕ್ಕ ಹಾಕಿಯೇ ವರ್ಷಕ್ಕೆ ತಲುಪಬೇಕು. ಅಲೆಕ್ಸಾಂಡ್ರಿಯಾದ ನಾಣ್ಯದ ಮೇಲಾದರೋ ಆಳ್ವಿಕೆಯ ವರ್ಷ ನೇರವಾಗಿ ಅಚ್ಚಾಗಿರುತ್ತದೆ. ಎರಡು ಮೂರು ಅಕ್ಷರ ಗುರುತಿಸಲು ಕಲಿತರೆ ಸಾಕು, ನಾಣ್ಯವನ್ನು ಹನ್ನೆರಡು ತಿಂಗಳ ಅವಧಿಯೊಳಗೆ ಕೂರಿಸಬಹುದು.

ಮೊದಲು ಹಿನ್ನೆಲೆ. ಕ್ರಿ.ಪೂ. 30ರಲ್ಲಿ ಏಳನೆಯ ಕ್ಲಿಯೋಪಾತ್ರಾ ಸತ್ತ ಮೇಲೆ ಈಜಿಪ್ಟ್ ರೋಮಿನ ಕೈಸೇರಿತು. ಮುಂದೆ ಅಗಸ್ಟಸ್ ಎನಿಸಿಕೊಂಡ ಆಕ್ಟೇವಿಯನ್ ಈ ನಾಡನ್ನು ಉಳಿದ ಪ್ರಾಂತ್ಯಗಳಂತೆ ನಡೆಸಲಿಲ್ಲ. ಸೆನೆಟ್ ಸದಸ್ಯರು ಅವನ ಅಪ್ಪಣೆಯಿಲ್ಲದೆ ಅಲ್ಲಿಗೆ ಕಾಲಿಡುವಂತಿರಲಿಲ್ಲ. ಆಡಳಿತವೆಲ್ಲ ಅವನೇ ನೇಮಿಸಿದ ಪ್ರಿಫೆಕ್ಟ್‌ನದು. ರೋಮ್ ನಗರ ಉಣ್ಣುವ ಗೋಧಿಯ ದೊಡ್ಡ ಪಾಲು ನೈಲ್ ಕಣಿವೆಯಿಂದ ಬರುತ್ತಿತ್ತು, ಹಾಗಾಗಿ ಈ ಬಿಗಿ.

ಹಣಕಾಸಿನಲ್ಲೂ ಅದೇ ಬಿಗಿ ಕಾಣುತ್ತದೆ. ಗ್ರೀಕ್ ಮೂಲದ ಟಾಲೆಮಿ ದೊರೆಗಳ ಕಾಲದಿಂದಲೇ ಈಜಿಪ್ಟಿನೊಳಗೆ ಹೊರಗಿನ ನಾಣ್ಯ ಚಲಾವಣೆಯಾಗುತ್ತಿರಲಿಲ್ಲ. ಬಂದ ವ್ಯಾಪಾರಿ ತನ್ನ ಬೆಳ್ಳಿ ಬಂಗಾರ ಕೊಟ್ಟು ಸ್ಥಳೀಯ ನಾಣ್ಯ ಪಡೆಯಬೇಕಿತ್ತು. ರೋಮನ್ನರು ಈ ಏರ್ಪಾಡನ್ನು ಹಾಗೆಯೇ ಉಳಿಸಿಕೊಂಡರು. ಅಲೆಕ್ಸಾಂಡ್ರಿಯಾದ ನಾಣ್ಯ ಹೊರಗೆ ಹೋಗುತ್ತಿದ್ದುದು ತೀರ ಕಡಿಮೆ.

ಇದರ ಪರಿಣಾಮ ನಮ್ಮ ನೆಲದಲ್ಲೇ ಕಾಣುತ್ತದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗಸ್ಟಸ್ ಮತ್ತು ಅವನ ನಂತರದ ಚಕ್ರವರ್ತಿ ಟೈಬೀರಿಯಸ್ ಕಾಲದ ನಾಣ್ಯಗಳು ದೊರೆತಿವೆ. ಇವೆಲ್ಲ ಡೆನಾರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯ‌ಗಳು, ಪಶ್ಚಿಮದ ಟಂಕಸಾಲೆಗಳಲ್ಲಿ ತಯಾರಾದವು. ದಕ್ಷಿಣ ಭಾರತದಲ್ಲಿ ಹೆಚ್ಚು ಸಿಗುವ ಟೈಬೀರಿಯಸನ ಡೆನಾರಿಯಸ್ ಬಂದದ್ದು ಇಂದಿನ ಫ್ರಾನ್ಸಿನ ಲಿಯೋನ್ ನಗರದಿಂದ. ಭಾರತಕ್ಕೆ ಹೊರಟ ಹಡಗುಗಳು ಮಾತ್ರ ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಾದ ಬೆರೆನಿಕೆ, ಮಯೋಸ್ ಹೊರ್ಮೋಸ್‌ಗಳಿಂದಲೇ ಹಾಯಿ ಬಿಚ್ಚುತ್ತಿದ್ದವು. ಸರಕು ಈಜಿಪ್ಟಿನ ಮೂಲಕ ಹಾದರೂ ಈಜಿಪ್ಟಿನ ನಾಣ್ಯ ನಮ್ಮ ಕಡೆಗೆ ಬರಲಿಲ್ಲ. ನಾಣ್ಯದ ನಿಧಿಯನ್ನು ನೋಡಿ ವ್ಯಾಪಾರದ ದಾರಿ ಊಹಿಸುವವರು ಇದನ್ನು ಮರೆಯಬಾರದು.

ಮುಖ್ಯ ನಾಣ್ಯದ ಹೆಸರು ಟೆಟ್ರಾಡ್ರಾಕ್ಮ್, ಅಂದರೆ ಗ್ರೀಕ್ ಹಣದ ಲೆಕ್ಕದಲ್ಲಿ ನಾಲ್ಕು ಡ್ರಾಕ್ಮ್‌ಗಳದ್ದು. ಅಗಸ್ಟಸ್ ಇಲ್ಲಿ ಕಂಚಿನ ನಾಣ್ಯಗಳನ್ನಷ್ಟೇ ಹೊರಡಿಸಿದ್ದ. ಟೆಟ್ರಾಡ್ರಾಕ್ಮನ್ನು ಮತ್ತೆ ಆರಂಭಿಸಿದವನು ಟೈಬೀರಿಯಸ್, ತನ್ನ ಏಳನೆಯ ವರ್ಷದಲ್ಲಿ, ಅಂದರೆ ಕ್ರಿ.ಶ. 20–21ರಲ್ಲಿ. ಬೆಲೆಯಲ್ಲಿ ಇದು ಒಂದು ಡೆನಾರಿಯಸ್‌ಗೆ ಸಮ. ತೂಕದಲ್ಲಿ ಡೆನಾರಿಯಸ್‌ನ ಮೂರು ಪಟ್ಟಿಗಿಂತ ಹೆಚ್ಚು, ಆದರೆ ಬೆಳ್ಳಿಗೆ ತಾಮ್ರ ಧಾರಾಳವಾಗಿ ಬೆರೆಸಿರುತ್ತಿದ್ದರು. ನೀರೋ ಕಾಲಕ್ಕೆ ಬೆಳ್ಳಿ ಸುಮಾರು ಆರನೆಯ ಒಂದು ಪಾಲಿಗೆ ಇಳಿದಿತ್ತು. ಮೂರನೆಯ ಶತಮಾನದ ಕೊನೆಗೆ ನಾಣ್ಯ ಕುಗ್ಗಿ, ದಪ್ಪಗಾಗಿ, ಬೆಳ್ಳಿ ಹೆಸರಿಗಷ್ಟೇ ಉಳಿಯಿತು. ಗಾತ್ರ ನೋಡಿಯೇ ಶತಮಾನ ಹೇಳುವ ಅಭ್ಯಾಸ ಬೇಗ ಬರುತ್ತದೆ: ಅಗಲವಾಗಿ, ಸುಮಾರು 25 ಮಿಲಿಮೀಟರ್ ಇದ್ದರೆ ಮೊದಲೆರಡು ಶತಮಾನ, 20ರ ಆಸುಪಾಸಿನಲ್ಲಿ ಗುಂಡಿಯಂತೆ ದಪ್ಪಗಿದ್ದರೆ ಮೂರನೆಯದರ ಉತ್ತರಾರ್ಧ.

ಈಗ ವರ್ಷ ಓದುವ ವಿಷಯಕ್ಕೆ ಬರೋಣ.

ನಾಣ್ಯದ ಬರಹವೆಲ್ಲ ಗ್ರೀಕ್. ಅದರ ನಡುವೆ ಇಂಗ್ಲಿಷಿನ ಎಲ್ ಅಕ್ಷರದಂತೆ ಕಾಣುವ ಒಂದು ಗುರುತು ಇರುತ್ತದೆ. ಅದು ಅಕ್ಷರವಲ್ಲ. ಈಜಿಪ್ಟಿನ ಪಪೈರಸ್ ಹಾಳೆಗಳ ಮೇಲೆ ಲಿಪಿಕಾರರು ‘ವರ್ಷ’ ಎಂಬುದಕ್ಕೆ ಬಳಸುತ್ತಿದ್ದ ಚಿಹ್ನೆ. ಅದರ ಪಕ್ಕದ ಗ್ರೀಕ್ ಅಕ್ಷರವೇ ಸಂಖ್ಯೆ. ಆಲ್ಫಾ 1, ಬೀಟಾ 2, ಗಾಮಾ 3, ಡೆಲ್ಟಾ 4, ಎಪ್ಸಿಲಾನ್ 5. ಆರಕ್ಕೆ ಎಸ್ ಆಕಾರದ ಬೇರೆಯೇ ಚಿಹ್ನೆ. ಝೀಟಾ 7, ಈಟಾ 8, ಥೀಟಾ 9, ಅಯೋಟಾ 10, ಕಪ್ಪಾ 20, ಲ್ಯಾಂಬ್ಡಾ 30. ಅಯೋಟಾ ಮತ್ತು ಗಾಮಾ ಜೊತೆಗಿದ್ದರೆ 13. ಒಂಬತ್ತನೆಯ ವರ್ಷವನ್ನು ಮಾತ್ರ ಎಷ್ಟೋ ಸಲ ಥೀಟಾ ಬಿಟ್ಟು ಅಕ್ಷರಗಳಲ್ಲೇ ‘ಎನಾಟೂ’ ಎಂದು ಪೂರ್ತಿ ಬರೆದಿರುತ್ತಾರೆ. ಗ್ರೀಕಿನಲ್ಲಿ ಸಾವು ಎಂಬರ್ಥದ ‘ಥಾನಟೋಸ್’ ಪದ ಥೀಟಾದಿಂದಲೇ ಆರಂಭವಾಗುವುದರಿಂದ ಅದು ಅಪಶಕುನ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ.

ಆ ಸಂಖ್ಯೆಯನ್ನು ಕ್ರಿಸ್ತಶಕಕ್ಕೆ ತರುವಾಗ ಹೆಚ್ಚಿನವರು ಎಡವುತ್ತಾರೆ. ಈಜಿಪ್ಟಿನ ಹೊಸ ವರ್ಷ ಆಗಸ್ಟ್ 29ರಂದು (ಅಧಿಕ ದಿನ ಬಂದಾಗ 30ರಂದು) ತೊಡಗುತ್ತಿತ್ತು. ಚಕ್ರವರ್ತಿ ಪಟ್ಟಕ್ಕೆ ಬಂದ ದಿನದಿಂದ ಆಗಸ್ಟ್ 28ರವರೆಗೆ ಎಷ್ಟೇ ದಿನವಿರಲಿ, ಅದು ಅವನ ಮೊದಲ ವರ್ಷ. ಮರುದಿನದಿಂದ ಎರಡನೆಯದು. ಹೇಡ್ರಿಯನ್ ಅಧಿಕಾರಕ್ಕೆ ಬಂದದ್ದು 117ರ ಆಗಸ್ಟ್ 11ರಂದು. ಹಾಗಾಗಿ ಅವನ ಮೊದಲ ವರ್ಷ ಬರೀ 18 ದಿನಗಳದ್ದು! ಲೆಕ್ಕಕ್ಕೆ ಸುಲಭ ದಾರಿ ಇದೆ. ಪಟ್ಟಕ್ಕೆ ಬಂದ ದಿನ ಯಾವ ಈಜಿಪ್ಟ್ ವರ್ಷದಲ್ಲಿ ಬೀಳುತ್ತದೆ, ಆ ವರ್ಷ ಯಾವ ಆಗಸ್ಟ್‌ನಲ್ಲಿ ತೊಡಗಿತ್ತು ನೋಡಿ. ಹೇಡ್ರಿಯನ್‌ಗೆ ಅದು 116. ನಾಣ್ಯದ ಸಂಖ್ಯೆಯಿಂದ ಒಂದು ಕಳೆದು ಅದಕ್ಕೆ ಕೂಡಿಸಿ. ಹದಿನೈದನೆಯ ವರ್ಷವೆಂದರೆ 116ಕ್ಕೆ 14 ಸೇರಿಸಿ 130, ಅಂದರೆ 130ರ ಆಗಸ್ಟ್‌ನಿಂದ 131ರ ಆಗಸ್ಟ್‌ವರೆಗೆ. ಹೇಡ್ರಿಯನ್ ಈಜಿಪ್ಟಿಗೆ ಭೇಟಿಕೊಟ್ಟದ್ದು 130ರಲ್ಲಿ. ಹದಿನೈದನೆಯ ವರ್ಷದ ಟೆಟ್ರಾಡ್ರಾಕ್ಮ್ ಒಂದರ ಹಿಮ್ಮುಖದಲ್ಲಿ ಆನೆಯ ಸೊಂಡಿಲುಳ್ಳ ಶಿರಸ್ತ್ರಾಣ ತೊಟ್ಟ ಸ್ತ್ರೀಯೊಬ್ಬಳು, ಅಂದರೆ ಅಲೆಕ್ಸಾಂಡ್ರಿಯಾ ನಗರವೇ, ಚಕ್ರವರ್ತಿಯನ್ನು ಎದುರುಗೊಳ್ಳುತ್ತಿದ್ದಾಳೆ.

ಈ ಪದ್ಧತಿಯ ಸೊಗಸು ತಿಳಿಯಬೇಕಾದರೆ 68ರ ಆಗಸ್ಟ್ 29ರಿಂದ 69ರ ಆಗಸ್ಟ್ 28ರವರೆಗಿನ ಒಂದೇ ವರ್ಷವನ್ನು ತೆಗೆದುಕೊಳ್ಳಿ. ನೀರೋ ಆಗಲೇ ಸತ್ತಿದ್ದ. ಗಾಲ್ಬಾನ ಎರಡನೆಯ ವರ್ಷ ನಡೆಯುತ್ತಿತ್ತು. ಜನವರಿಯಲ್ಲಿ ಅವನ ಕೊಲೆಯಾಗಿ ಓಥೋ ಬಂದ. ಏಪ್ರಿಲ್‌ನಲ್ಲಿ ಓಥೋ ಪ್ರಾಣ ಕಳೆದುಕೊಂಡ, ವಿಟೆಲಿಯಸ್‌ನ ಸರದಿ ಬಂತು. ಜುಲೈ 1ರಂದು ಇದೇ ಅಲೆಕ್ಸಾಂಡ್ರಿಯಾದಲ್ಲಿ ಪ್ರಿಫೆಕ್ಟ್ ಟೈಬೀರಿಯಸ್ ಜೂಲಿಯಸ್ ಅಲೆಕ್ಸಾಂಡರ್ ತನ್ನ ಸೈನ್ಯದಿಂದ ವೆಸ್ಪಾಸಿಯನ್ ಹೆಸರಿಗೆ ಪ್ರತಿಜ್ಞೆ ಮಾಡಿಸಿದ. ಒಂದೇ ಟಂಕಸಾಲೆ, ಒಂದೇ ವರ್ಷ, ನಾಲ್ಕು ಮುಖ. ಗಾಲ್ಬಾ ಮುಖದ ಪಕ್ಕ ಬೀಟಾ, ಉಳಿದ ಮೂವರ ಪಕ್ಕ ಆಲ್ಫಾ.

ಎರಡು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕಮೋಡಸ್ ತನ್ನ ವರ್ಷಗಳನ್ನು ಹೊಸದಾಗಿ ಎಣಿಸಲಿಲ್ಲ, ತಂದೆ ಮಾರ್ಕಸ್ ಔರೇಲಿಯಸ್ 161ರಲ್ಲಿ ಶುರುಮಾಡಿದ ಎಣಿಕೆಯನ್ನೇ ಮುಂದುವರಿಸಿದ. ಆದ್ದರಿಂದ ಅವನ ನಾಣ್ಯದ ಮೇಲೆ 33 ಕಂಡರೆ ಗಾಬರಿ ಬೇಡ, ಅದು 192–193. ಕ್ಯಾರಕಲ್ಲಾನದೂ ಇದೇ ಕಥೆ. ಇನ್ನೊಂದು, ನೈಲ್ ನದಿಯ ದೇವರು ಒರಗಿ ಕುಳಿತ ನಾಣ್ಯಗಳಲ್ಲಿ ಕೆಲವೊಮ್ಮೆ 16 ಎಂಬ ಸಂಖ್ಯೆ ಇರುತ್ತದೆ. ಪಕ್ಕದಲ್ಲಿ ವರ್ಷದ ಚಿಹ್ನೆ ಇಲ್ಲದಿದ್ದರೆ ಅದು ಆಳ್ವಿಕೆಯ ವರ್ಷವಲ್ಲ, ನದಿ ಏರಿದ ಮೊಳಗಳ ಲೆಕ್ಕ. ಪ್ಲಿನಿ ಬರೆದಿರುವಂತೆ ಹನ್ನೆರಡು ಮೊಳ ಏರಿದರೆ ಹಸಿವು, ಹದಿಮೂರಕ್ಕೂ ಹಸಿವೇ, ಹದಿನಾಲ್ಕಕ್ಕೆ ಗೆಲುವು, ಹದಿನೈದಕ್ಕೆ ನೆಮ್ಮದಿ, ಹದಿನಾರಕ್ಕೆ ಸಂಭ್ರಮ. ಮುಂಗಾರಿಗೆ ಕಾಯುವ ನಾಡಿನವರಿಗೆ ಆ ಸಂಖ್ಯೆಯನ್ನು ನಾಣ್ಯದ ಮೇಲೆ ಯಾಕೆ ಹಾಕಿದರು ಎಂದು ಬಿಡಿಸಿ ಹೇಳಬೇಕಿಲ್ಲ.

ವರ್ಷ ಓದಲು ಬಂದಮೇಲೆ ಚಿತ್ರಗಳಿಗೆ ಅರ್ಥ ಹುಟ್ಟುತ್ತದೆ. ನೀರೋನ 13ನೆಯ ವರ್ಷದ ಒಂದು ನಾಣ್ಯದಲ್ಲಿ ಹಾಯಿ ಬಿಚ್ಚಿದ ಹಡಗಿದೆ, ಸುತ್ತ ‘ಸೆಬಾಸ್ಟೊಫೊರೋಸ್’ ಎಂಬ ಬರಹ: ಚಕ್ರವರ್ತಿಯನ್ನು ಹೊತ್ತ ನೌಕೆ. ಲೆಕ್ಕ ಹಾಕಿದರೆ 66–67. ಅವನು ಗ್ರೀಸಿನಲ್ಲಿ ಆಟೋಟಗಳಲ್ಲಿ ಸ್ಪರ್ಧಿಸುತ್ತಾ ತಿರುಗುತ್ತಿದ್ದ ಕಾಲವದು. ಅದೇ ಸಮಯದ ಬೇರೆ ನಾಣ್ಯಗಳಲ್ಲಿ ಒಲಿಂಪಿಯಾದ ಜ್ಯೂಸ್, ಇಸ್ತಮಸ್‌ನ ಪೊಸೈಡನ್, ಡೆಲ್ಫಿಯ ಅಪೊಲೊ, ಹೀಗೆ ಕ್ರೀಡಾಕೂಟಗಳ ದೇವತೆಗಳು ಸಾಲುಗಟ್ಟಿದ್ದಾರೆ. ಹಡಗಿನ ಚಿತ್ರ ಬಂತೇ ಹೊರತು ನೀರೋ ಅಲೆಕ್ಸಾಂಡ್ರಿಯಾಕ್ಕೆ ಬರಲೇ ಇಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದವು ಆಂಟೊನೈನಸ್ ಪಯಸ್‌ನ ಎಂಟನೆಯ ವರ್ಷದ, ಅಂದರೆ 144–145ರ ದೊಡ್ಡ ಕಂಚಿನ ಡ್ರಾಕ್ಮ್‌ಗಳು. ಒಂದೊಂದರಲ್ಲೂ ಒಂದು ಗ್ರಹ, ಅದರ ಸ್ವಂತ ರಾಶಿ. ಸಿಂಹದ ಮೇಲೆ ಸೂರ್ಯ, ಕರ್ಕಾಟಕದ ಮೇಲೆ ಚಂದ್ರ, ಮೇಷಕ್ಕೂ ವೃಶ್ಚಿಕಕ್ಕೂ ಕುಜ, ಧನುಸ್ಸು ಮತ್ತು ಮೀನಕ್ಕೆ ಗುರು, ಮಕರ ಕುಂಭಗಳಿಗೆ ಶನಿ. ನಮ್ಮ ಪಂಚಾಂಗದ ರಾಶ್ಯಧಿಪತಿಗಳ ಪಟ್ಟಿಯೂ ಇದೇ. ಗ್ರೀಕ್ ಜ್ಯೋತಿಷ್ಯ ಭಾರತಕ್ಕೆ ಬಂದದ್ದು ಇದೇ ಶತಮಾನಗಳಲ್ಲಿ ಎಂಬುದನ್ನು ನೆನೆದರೆ ಈ ನಾಣ್ಯ ಕೈಗೆ ಇನ್ನಷ್ಟು ಹತ್ತಿರವಾಗುತ್ತದೆ. ಖಗೋಳಜ್ಞ ಕ್ಲಾಡಿಯಸ್ ಟಾಲೆಮಿ ಗ್ರಹಗಳನ್ನು ಗಮನಿಸಿ ಲೆಕ್ಕ ಬರೆಯುತ್ತಿದ್ದುದು ಇದೇ ಊರಿನಲ್ಲಿ, ಇದೇ ಚಕ್ರವರ್ತಿಯ ಕಾಲದವರೆಗೆ.

ಇತಿಹಾಸಕಾರರಿಗೆ ಈ ವರ್ಷಗಳು ಹೆಚ್ಚು ಒದಗಿಬಂದದ್ದು ಮೂರನೆಯ ಶತಮಾನದ ಗೊಂದಲದಲ್ಲಿ. 270ರಲ್ಲಿ ಸಿರಿಯಾದ ಪಾಲ್ಮೈರಾ ನಗರದ ರಾಣಿ ಜೆನೋಬಿಯಾಳ ಸೈನ್ಯ ಈಜಿಪ್ಟನ್ನು ಹಿಡಿಯಿತು. ಆಗಿನ ನಾಣ್ಯದ ಒಂದು ಬದಿಗೆ ರೋಮಿನ ಔರೇಲಿಯನ್, ಅವನ ಪಕ್ಕ ವರ್ಷ 1. ಇನ್ನೊಂದು ಬದಿಗೆ ಜೆನೋಬಿಯಾಳ ಮಗ ವಾಬಲ್ಲಾತಸ್, ಅವನ ಪಕ್ಕ ವರ್ಷ 4. ಮುಂದಿನ ವರ್ಷ 2 ಮತ್ತು 5 ಜೋಡಿ. ಆಮೇಲೆ ಔರೇಲಿಯನ್ ಮಾಯವಾಗಿ, ಐದನೆಯ ವರ್ಷದಲ್ಲೇ ವಾಬಲ್ಲಾತಸ್ ಒಬ್ಬನೇ, ಜೊತೆಗೆ ಜೆನೋಬಿಯಾಳ ಹೆಸರಿನ ನಾಣ್ಯಗಳು. ಹುಸಿ ಗೆಳೆತನ ಬಹಿರಂಗ ಬಂಡಾಯವಾದದ್ದು ಯಾವ ವರ್ಷದಲ್ಲಿ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. 272ರಲ್ಲಿ ಔರೇಲಿಯನ್ ಈಜಿಪ್ಟನ್ನು ಮರಳಿ ಪಡೆದ.

ಕೊನೆಗೆ ಈ ಟಂಕಸಾಲೆಯ ವಿಶಿಷ್ಟತೆಯನ್ನು ಮುಗಿಸಿದವನು ಡಯೊಕ್ಲೀಷನ್. ಸಾಮ್ರಾಜ್ಯಕ್ಕೆಲ್ಲ ಒಂದೇ ನಾಣ್ಯ ಇರಬೇಕೆಂಬ ಅವನ ಸುಧಾರಣೆಯಲ್ಲಿ ಟೆಟ್ರಾಡ್ರಾಕ್ಮ್ ನಿಂತಿತು. ಅವನ ಕೊನೆಯವು 12ನೆಯ ವರ್ಷದವು, 295–296ರವು. ಮರುವರ್ಷ ದಂಗೆಯೆದ್ದ ಡೊಮಿಷಿಯಸ್ ಡೊಮಿಷಿಯಾನಸ್ ಹಳೆಯ ಮಾದರಿಯನ್ನು ಮತ್ತೆ ತಂದು, ತನ್ನ ಎರಡನೆಯ ವರ್ಷದ ಬೀಟಾ ಹಾಕಿಸಿದ. ಡಯೊಕ್ಲೀಷನ್ ಖುದ್ದಾಗಿ ಬಂದು ಅಲೆಕ್ಸಾಂಡ್ರಿಯಾಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 298ರಲ್ಲಿ ದಂಗೆಯನ್ನು ಅಡಗಿಸಿದ. ಅಲ್ಲಿಂದಾಚೆಗೆ ಬರಹ ಲ್ಯಾಟಿನ್, ಚಿತ್ರಗಳು ಉಳಿದ ಟಂಕಸಾಲೆಗಳವೇ, ಕೆಳಗೆ ಊರಿನ ಹೆಸರಿನ ಮೂರು ಅಕ್ಷರ. ವರ್ಷ ಹಾಕುವ ರೂಢಿ ನಾಣ್ಯದಿಂದ ಅಳಿಸಿಹೋಯಿತು. ಎಣಿಕೆ ಮಾತ್ರ ನಿಲ್ಲಲಿಲ್ಲ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಇಂದಿಗೂ ತಮ್ಮ ಶಕವನ್ನು ಡಯೊಕ್ಲೀಷನ್‌ನ ಮೊದಲ ವರ್ಷ ತೊಡಗಿದ 284ರ ಆಗಸ್ಟ್ 29ರಿಂದಲೇ ಲೆಕ್ಕ ಹಾಕುತ್ತಾರೆ. ಅವರು ಅದನ್ನು ಕರೆಯುವುದು ಅವನ ಕಾಲದಲ್ಲಿ ಸತ್ತವರ ನೆನಪಿಗೆ, ಹುತಾತ್ಮರ ಶಕ ಎಂದು.